ತಂಗಿ ಮದುವೆಯಲ್ಲಿ ಬೀಗರಿಗೆ ಪ್ರಥಮ ಚಿಕಿತ್ಸೆ ಮಾಡಿ ಮಾನ ಕಳೆದೆ (ನನ್ನದು, ಅವರದು ಎರಡೂ). ನಿಮ್ಮ ಕಥೆ ಇದ್ದರೆ ಹೇಳಿ

ಒಗ್ಗರಣೆ ಡಬ್ಬಿ

ಹೋದ ತಿಂಗಳು ಮೈಸೂರಲ್ಲಿ ತಂಗಿ ಮದುವೆ ಆಯ್ತು. ಅದಕ್ಕೆ ಹದಿನೈದು ದಿನ ಮುಂಚೆ ಆಫೀಸಲ್ಲಿ ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿ ಇತ್ತು. ರಬ್ಬರ್ ಗೊಂಬೆಯ ಎದೆ ಒತ್ತಿದ್ವಿ, ಒಬ್ಬರಿಗೊಬ್ಬರು ಬ್ಯಾಂಡೇಜ್ ಸುತ್ತಿದ್ವಿ, ಸಂಜೆ ಸರ್ಟಿಫಿಕೇಟ್ ಹಿಡ್ಕೊಂಡು ಫೋಟೋ. ಅವತ್ತಿಂದ ನನಗೆ ಎಲ್ಲಿ ನೋಡಿದರೂ ಪೇಷೆಂಟುಗಳೇ.

ಎರಡನೇ ಪಂಕ್ತಿ ನಡೀತಿತ್ತು, ನಾನು ಬೀಗರ ಸಾಲಿಗೆ ತುಪ್ಪ ಬಡಿಸ್ತಿದ್ದೆ. ತಂಗಿಯ ಮಾವನವರು ನಿವೃತ್ತ ಮೇಷ್ಟ್ರು, ಮಾತು ಕಮ್ಮಿ, ಗತ್ತು ಜಾಸ್ತಿ. ಪುಳಿಯೋಗರೆ ಬಾಯಲ್ಲಿಟ್ಟುಕೊಂಡು ಪಕ್ಕದವರ ಮಾತಿಗೆ ನಕ್ಕರು ನೋಡಿ, ನೆತ್ತಿಗೆ ಹತ್ತಿತು. ಒಂದೇ ಸಮ ಕೆಮ್ಮು, ಕಣ್ಣಲ್ಲಿ ನೀರು, ಮುಖ ಕೆಂಪಗೆ. ಅವರ ಮನೆಯವರು ಪಕ್ಕದಲ್ಲೇ ಇದ್ದು ನೆತ್ತಿ ಮೇಲೆ ಮೆತ್ತಗೆ ತಟ್ಟುತ್ತಾ "ಯಾರೋ ನೆನೆಸ್ಕೊಂಡ್ರು ಕಣ್ರೀ, ಯಾರೋ ನೆನೆಸ್ಕೊಂಡ್ರು" ಅಂತಿದ್ರು.

ನಾನು ತುಪ್ಪದ ಗಿಂಡಿ ಕೆಳಗಿಟ್ಟೆ. "ಅಮ್ಮಾ, ಅದರಿಂದೆಲ್ಲ ಏನೂ ಆಗಲ್ಲ, ಸ್ವಲ್ಪ ಸರೀರಿ" ಅಂದೆ. ಅವರನ್ನು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿ, ಹಿಂದಿನಿಂದ ಎರಡೂ ಕೈ ಸುತ್ತಿ, ಹೊಕ್ಕುಳಿಗಿಂತ ಒಂದಿಷ್ಟು ಮೇಲೆ ಮುಷ್ಟಿ ಇಟ್ಟು, ಕಲಿಸಿಕೊಟ್ಟ ಹಾಗೇ ಒಳಕ್ಕೂ ಮೇಲಕ್ಕೂ ಎಳೆದೆ. ಒಂದು. ಎರಡು. ಮೂರನೆಯದಕ್ಕೆ ರೇಷ್ಮೆ ಪಂಚೆ ಕೈಕೊಟ್ಟಿತು. ಪಟ್ಟೆಪಟ್ಟೆ ಚಡ್ಡಿ. ಎದುರಿಗೆ ನೂರಿಪ್ಪತ್ತು ಜನ ಊಟಕ್ಕೆ ಕೂತವರು. ವಿಡಿಯೋದವನು ಆಗಷ್ಟೇ ಆ ಸಾಲಿಗೆ ಬಂದಿದ್ದ.

ಅಷ್ಟು ಹೊತ್ತೂ ಅವರು "ಬಿಡಯ್ಯಾ... ಬಿಡಯ್ಯಾ ನನ್ನ..." ಅಂತಿದ್ರಂತೆ. ಮಾತಾಡೋಕೆ ಆಗ್ತಿದೆ ಅಂದ್ರೆ ಉಸಿರಾಟ ನಡೀತಿದೆ, ಅಂಥವರನ್ನ ಮುಟ್ಟಬೇಡಿ, ಕೆಮ್ಮೋಕೆ ಬಿಡಿ ಅಂತ ತರಬೇತಿಯಲ್ಲಿ ಹೇಳಿದ್ರು. ಅದನ್ನ ಮಧ್ಯಾಹ್ನ ಊಟ ಆದ ಮೇಲೆ ಹೇಳಿದ್ದು. ನಾನು ತೂಕಡಿಸ್ತಿದ್ದೆ.

ನಾನೊಬ್ಬನೇ ಅಲ್ಲ ಅನ್ನೋ ಸಮಾಧಾನ ಬೇಕು. ಹೇಳ್ರಪ್ಪಾ.

ಕೆಂಗೇರಿ ಕಾಫಿ

ಪಟ್ಟೆಪಟ್ಟೆ ಅನ್ನೋ ವಿವರ ಕೊಡಲೇಬೇಕಿತ್ತಾ ಗುರುವೇ? ವಿಡಿಯೋ ಎಲ್ಲಿ?

ಒಗ್ಗರಣೆ ಡಬ್ಬಿ

ಆ ಭಾಗ ತೆಗೆದುಬಿಡಪ್ಪಾ ಅಂತ ವಿಡಿಯೋದವನ ಕೈಗೆ ಐನೂರು ಇಟ್ಟಿದ್ದೀನಿ. ಪೆನ್‌ಡ್ರೈವ್ ಇನ್ನೂ ಬಂದಿಲ್ಲ.

ಉಳ್ಳಾಗಡ್ಡಿ ಭಜಿ

ಅಣ್ಣಾ, ನಿಂದು ಬರೇ ಪಂಚೆ ಹೋತು, ಅದೂ ಮಂದೀದು. ನಂದು ಬೈಕಿನ ಚಾವಿ ಹೋತು.

ಹುಬ್ಬಳ್ಳಿ ಹಳೇ ಬಸ್‌ಸ್ಟ್ಯಾಂಡ್ ಮುಂದ ಒಬ್ಬ ಹುಡುಗ ಫಿಟ್ಸ್ ಬಂದು ಬಿದ್ದ. ಮಂದಿ ನೆರೀತು. ಯಾರೋ "ಕೈಯಾಗ ಕಬ್ಬಿಣ ಕೊಡ್ರೀ, ಕಬ್ಬಿಣ" ಅಂತ ಒದರಿದ್ರು. ಎಲ್ಲಾರಕಿಂತ ಮೊದಲ ನಾನ ಕಿಸೇದಾಗಿನ ಚಾವಿ ತಗದು ಅವನ ಮುಷ್ಟ್ಯಾಗ ತುರುಕಿದೆ. ನನ್ನ ನೋಡಿ ಆಟೋದಂವ, ಅವನ್ನ ನೋಡಿ ಇನ್ನೊಬ್ಬ. ಭಜಿ ಅಂಗಡಿಯಂವ ಎಣ್ಣ್ಯಾಗಿಂದ ಝಾರಿ ಹಂಗ ಎತ್ತಿಕೊಂಡು ಓಡಿ ಬಂದ, "ಲೇ ಅದು ಬಿಸಿ ಐತಿ" ಅಂತ ಒಬ್ಬ ಅಜ್ಜ ಅವನ್ನ ತಡದ. ಒಬ್ಬಾಕಿ ಉಳ್ಳಾಗಡ್ಡಿ ಒಡದು ಮೂಗಿಗೆ ಹಿಡದ್ಲು.

ಎರಡು ನಿಮಿಷ ಆಗಿರಬೇಕು, ಹುಡುಗ ಕಣ್ಣು ಬಿಟ್ಟ. ಎದ್ದು ಕುಂತು ಕೈ ನೋಡಿಕೊಂಡ್ರ ಐದು ಚಾವಿ ಗೊಂಚಲ! "ಇವೆಲ್ಲಾ ಯಾರವ್ರೀ?" ಅಂದ. ಮಂದಿ ತಮ್ಮ ತಮ್ಮವು ಇಸ್ಕೊಂಡು ಹೋದ್ರು. ನಂದು ಯಾರ ಕಿಸೇಕ್ಕ ಹೋತೋ ಆ ಸಿದ್ಧಾರೂಢನ ಬಲ್ಲ. ಹ್ಯಾಂಡಲ್ ಲಾಕ್ ಬ್ಯಾರೆ ಮಾಡಿದ್ದೆ. ಟಂಟಂದಾಗ ಬೈಕ್ ಹೇರಿಕೊಂಡು ಮನೀಗೆ ಹೋದೆ.

ಆದ್ರೂ ಒಂದು ಹೇಳ್ತೀನಿ, ಚಾವಿ ಕೊಟ್ಟಿಂದ ಅವಂಗ ಎಚ್ಚರಾತು ನೋಡ್ರಿ.

ರಾತ್ರಿ ಪಾಳಿ ಸಿಸ್ಟರ್

ತಾಲ್ಲೂಕು ಆಸ್ಪತ್ರೆ, ಇಪ್ಪತ್ತೊಂದು ವರ್ಷ ಸರ್ವಿಸ್. ಈ ಚಾವಿ ವಿಷಯ ನೋಡಿ ಸುಮ್ಮನಿರೋಕೆ ಆಗಲಿಲ್ಲ.

ಉಳ್ಳಾಗಡ್ಡಿ ಅವರೇ, ಫಿಟ್ಸ್ ಬಹಳಷ್ಟು ಸಲ ಒಂದರಿಂದ ಮೂರು ನಿಮಿಷದೊಳಗೆ ತಾನಾಗೇ ನಿಲ್ಲುತ್ತೆ. ಜನ ಸೇರಿ, ಕೂಗಾಡಿ, ಕಬ್ಬಿಣ ಹುಡುಕಿ ಕೈಗಿಡೋ ಹೊತ್ತಿಗೆ ಸರಿಯಾಗಿ ಅಷ್ಟೇ ಟೈಮ್ ಆಗಿರುತ್ತೆ. ಕೊನೇಲಿ ಯಾರು ಏನು ಇಟ್ಟಿದ್ರೋ ಅದಕ್ಕೇ ಹೆಸರು ಬರುತ್ತೆ. ನೀವು ಆವತ್ತು ಬಾಳೆಹಣ್ಣು ಇಟ್ಟಿದ್ರೂ ಎಚ್ಚರ ಆಗ್ತಿತ್ತು.

ಮಾಡಬೇಕಾದ್ದು ಇಷ್ಟೇ: ಸುತ್ತ ಇರೋ ಕಲ್ಲು, ಬೆಂಚು ಸರಿಸಿ, ತಲೆ ಕೆಳಗೆ ಮೆತ್ತಗಿನದ್ದೇನಾದ್ರೂ ಇಟ್ಟು, ಒಂದು ಪಕ್ಕಕ್ಕೆ ಮಗ್ಗುಲು ಮಾಡಿ ಮಲಗಿಸಿ. ಜೊಲ್ಲು ಹೊರಗೆ ಹರಿದು ಹೋಗಲಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ಬೆರಳು ಏನೂ ಹಾಕಬೇಡಿ, ನೀರಂತೂ ಬೇಡವೇ ಬೇಡ. ಗಡಿಯಾರ ನೋಡ್ತಾ ಇರಿ, ಐದು ನಿಮಿಷ ದಾಟಿದ್ರೆ ಅಥವಾ ಎಚ್ಚರ ಆಗದೇ ಮತ್ತೆ ಮತ್ತೆ ಬಂದ್ರೆ 108ಕ್ಕೆ ಫೋನ್ ಮಾಡಿ.

ಒಗ್ಗರಣೆ ಡಬ್ಬಿ, ನಿಮ್ಮದು ಕೆಲಸ ಸರಿ, ಆಳು ತಪ್ಪು. ಮಾತು ಹೊರಡ್ತಿಲ್ಲ, ಕೆಮ್ಮೋಕೂ ಆಗ್ತಿಲ್ಲ, ಕುತ್ತಿಗೆ ಹಿಡ್ಕೊಂಡಿದ್ದಾರೆ, ತುಟಿ ನೀಲಿಗೆ ತಿರುಗ್ತಿದೆ ಅಂದ್ರೆ ಆಗ ಮುಂದಕ್ಕೆ ಬಗ್ಗಿಸಿ ಬೆನ್ನ ಮೇಲೆ, ಎರಡು ರೆಕ್ಕೆ ಮೂಳೆಗಳ ಮಧ್ಯೆ, ಅಂಗೈ ಬುಡದಿಂದ ಐದು ಸಲ ಜೋರಾಗಿ ಹೊಡೀಬೇಕು. ಬರಲಿಲ್ಲ ಅಂದ್ರೆ ನೀವು ಮಾಡಿದ ಹಾಗೆ ಹೊಟ್ಟೆ ಐದು ಸಲ. ಹೀಗೇ ಒಂದಾದ ಮೇಲೊಂದು. ಗರ್ಭಿಣಿಗೆ, ವರ್ಷ ತುಂಬದ ಮಗುವಿಗೆ ಹೊಟ್ಟೆ ಒತ್ತೋ ಹಾಗಿಲ್ಲ, ಎದೆ ಒತ್ತಬೇಕು. ಮತ್ತೆ, ಹೊಟ್ಟೆ ಎಳೆಸಿಕೊಂಡವರನ್ನ ಆಮೇಲೆ ಡಾಕ್ಟರಿಗೆ ತೋರಿಸಲೇಬೇಕು. ತೋರಿಸಿದ್ರಾ?

ಒಗ್ಗರಣೆ ಡಬ್ಬಿ

ತೋರಿಸಿದ್ವಿ ಸಿಸ್ಟರ್. ಎಕ್ಸ್‌ರೇ ಆಯ್ತು, ಪಕ್ಕೆಲುಬು ಸರಿಯಾಗಿದೆ. ಮದುವೆ ದಿನ ಸಂಜೆ ಆರತಕ್ಷತೆಗೆ ಹುಡುಗನ ಅಪ್ಪ ಎಲ್ಲಿ ಅಂತ ಬಂದವರೆಲ್ಲ ಕೇಳ್ತಿದ್ರು. ಎಕ್ಸ್‌ರೇ ಸಾಲಲ್ಲಿ ಕೂತಿದ್ದರು, ರೇಷ್ಮೆ ಪಂಚೆಯಲ್ಲಿ.

ಬಿಳಿ ಹಾಳೆ

ನಾನು ಈ ಕಥೆಗಳ ಆ ಕಡೆ ಇರುವವಳು. ಹನ್ನೊಂದನೇ ವಯಸ್ಸಿನಿಂದ ಮೂರ್ಛೆ ರೋಗ ಇದೆ. ಈಗ ಮಾತ್ರೆಯಲ್ಲಿ ಹತೋಟಿಯಲ್ಲಿದೆ.

ಕಾಲೇಜಿನ ಕಾರಿಡಾರಿನಲ್ಲಿ ಒಮ್ಮೆ ಬಿದ್ದಾಗ ನಾಲಿಗೆ ಕಚ್ಚಿಕೊಳ್ಳಬಾರದೆಂದು ಯಾರೋ ಸ್ಟೀಲ್ ಚಮಚ ತುರುಕಿದರು. ನಾಲಿಗೆಗೆ ಏನೂ ಆಗಲಿಲ್ಲ. ಮುಂದಿನ ಹಲ್ಲು ಅರ್ಧ ಮುರಿಯಿತು, ಇವತ್ತಿಗೂ ಅದಕ್ಕೆ ಕ್ಯಾಪ್ ಇದೆ. ಇನ್ನೊಮ್ಮೆ ಎಚ್ಚರವಾದಾಗ ಮೂಗಿನ ಹತ್ತಿರ ಯಾರದ್ದೋ ಚಪ್ಪಲಿ, ಮೈಮೇಲೆ ಒಂದು ಬಿಂದಿಗೆ ನೀರು, ಸುತ್ತಲೂ ಗುರುತಿಲ್ಲದ ಗಂಡಸರ ಮುಖಗಳು. ಎಲ್ಲರೂ ಒಳ್ಳೆಯವರೇ, ಎಲ್ಲರಿಗೂ ನನ್ನನ್ನು ಉಳಿಸಿದ ಖುಷಿ. ನನಗೆ ಮಾತ್ರ ನೆಲ ಬಾಯಿಬಿಟ್ಟರೆ ಸಾಕು ಅನಿಸಿತ್ತು.

ಒಬ್ಬರ ನೆನಪಿದೆ. ತುಮಕೂರಿನ ಬಸ್ಸಿನಲ್ಲಿ ಒಬ್ಬ ಹೆಂಗಸು. ಹೂ ಮಾರುವವರಿರಬೇಕು, ಮಡಿಲಲ್ಲಿ ಕನಕಾಂಬರದ ಬುಟ್ಟಿ ಇತ್ತು. ಎಚ್ಚರವಾದಾಗ ನಾನು ಮಗ್ಗುಲಾಗಿ ಸೀಟಿನ ಮೇಲಿದ್ದೆ, ದುಪಟ್ಟಾ ಸರಿಯಾಗಿ ಹೊದಿಸಿದ್ದರು. "ಏನೂ ಆಗಿಲ್ಲ ಕಣವ್ವ, ಸ್ವಲ್ಪ ಹೊತ್ತು ಹಿಂಗೇ ಇರು. ನಿನ್ನ ಬ್ಯಾಗು ನನ್ನ ಹತ್ರ ಐತೆ" ಅಂದರು. ಆಮೇಲೆ ಅವರ ಸ್ಟಾಪ್ ಬಂತು, ಇಳಿದು ಹೋದರು.

ಉಳ್ಳಾಗಡ್ಡಿ ಭಜಿ

ಅಕ್ಕಾರ, ತಪ್ಪಾತ್ರಿ. ಆ ಹುಡುಗ "ಇವೆಲ್ಲಾ ಯಾರವ್ರೀ" ಅಂದಾಗ ನಾವೆಲ್ಲಾ ನಕ್ಕಿದ್ವಿ. ಅವನ ಮಾರಿ ಹೆಂಗಿತ್ತು ಅಂತ ಈಗ ನೆನಪಾತು.

ಬೂತಾಯಿ ಪುಳಿಮುಂಚಿ

ನಂದು ಮೀನಿನ ಮುಳ್ಳು ಮಾರಾಯ್ರೆ. ಗಂಟಲು ಮಾತ್ರ ನಮ್ಮ ಭಾವನದ್ದು. ಅವರು ಬೆಂಗಳೂರಿನವರು, ಬೂತಾಯಿಯ ಮುಳ್ಳು ಬಿಡಿಸಿ ತಿನ್ಲಿಕ್ಕೆ ಗೊತ್ತಿಲ್ಲ. ಊಟದ ಮಧ್ಯ ಒಮ್ಮೆಲೇ "ಚುಚ್ತಾ ಇದೆ, ಚುಚ್ತಾ ಇದೆ" ಹೇಳಿದ್ರು. ಇದಕ್ಕೆಲ್ಲ ನಮ್ಮಲ್ಲಿ ಡಾಕ್ಟ್ರು ಬೇಕಾ? ಕುಚ್ಚಲಕ್ಕಿ ಅನ್ನದ ಉಂಡೆ ಮಾಡಿ "ಜಗಿಯದೆ ನುಂಗಿ ಭಾವ" ಹೇಳಿದೆ. ಹೋಗ್ಲಿಲ್ಲ. ಮತ್ತೊಂದು. ಮತ್ತೆ ಕದಳಿ ಬಾಳೆಹಣ್ಣು. ಅಮ್ಮ ಒಳಗಿಂದ "ಕದಳಿ ಸಣ್ಣ ಆಯ್ತು, ನೇಂದ್ರ ಕೊಡು" ಹೇಳಿದ್ರು. ಒಟ್ಟು ಏಳು ಉಂಡೆ, ಐದು ಬಾಳೆಹಣ್ಣು. ಅಳಿಯನಿಗೆ ಅಷ್ಟು ಉಪಚಾರ ಮದುವೆಯ ದಿನವೂ ಆಗ್ಲಿಲ್ಲ.

ರಾತ್ರಿ ಒಂಬತ್ತಕ್ಕೆ ಗಂಟಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋದೆ. ಅವರು ನಾಲಿಗೆ ಒತ್ತಿ ಒಳಗೆ ಸಣ್ಣ ಕನ್ನಡಿ ಇಟ್ರು ಅಷ್ಟೇ. ಏಳು ಉಂಡೆಯ ಲೆಕ್ಕವೂ ಅಲ್ಲೇ ಚುಕ್ತಾ ಆಯ್ತು, ಡಾಕ್ಟ್ರ ಅಂಗಿಯ ಮೇಲೆ. ತೊಳೆದುಕೊಂಡು ಬಂದು ಪುನಃ ನೋಡಿದ್ರೆ ಮುಳ್ಳು ಟಾನ್ಸಿಲಿಗೆ ಚುಚ್ಚಿಕೊಂಡು ಆರಾಮಾಗಿ ಉಂಟು! ಅನ್ನ ಎಲ್ಲ ಅದರ ಪಕ್ಕದಲ್ಲೇ ಮೆರವಣಿಗೆ ಹೋದದ್ದು. ಚಿಮಟ ಹಾಕಿ ಎರಡು ಸೆಕೆಂಡಲ್ಲಿ ತೆಗೆದ್ರು. ಉಂಡೆ ನುಂಗಿದ್ರೆ ಮುಳ್ಳು ಇನ್ನೂ ಆಳಕ್ಕೆ ಹೋಗ್ತದಂತೆ, ಒಂದು ವೇಳೆ ಮತ್ತು ಕೊಟ್ಟು ತೆಗೆಯಬೇಕಾದ್ರೆ ಹೊಟ್ಟೆ ಖಾಲಿ ಇರ್ಬೇಕಂತೆ. ಇದನ್ನು ಡಾಕ್ಟ್ರು ನಂಗೆ ಹೇಳ್ಲಿಲ್ಲ, ನನ್ನನ್ನು ನೋಡ್ತಾ ಭಾವನಿಗೆ ಹೇಳಿದ್ರು.

ಕುಕ್ಕರ್ ಮೂರನೇ ವಿಷಲ್

ಒಗ್ಗರಣೆ ಎಣ್ಣೆ ಸಿಡಿದು ಕೈ ಸುಟ್ಟಾಗ ನಮ್ಮತ್ತೆ ಹೇಳಿದ್ರು ಅಂತ ದೋಸೆ ಹಿಟ್ಟು ಬಳ್ಕೊಂಡು, ಬಟ್ಟೆ ಕಟ್ಕೊಂಡು ಮಲಗಿದೆ. ಬೇಸಿಗೆ. ಬೆಳಗ್ಗೆ ಎದ್ದರೆ ಹಿಟ್ಟು ಉಬ್ಬಿ ಬಟ್ಟೆಯಿಂದ ಹೊರಗೆ ಬಂದಿತ್ತು. ಕ್ಲಿನಿಕ್ಕಲ್ಲಿ ಡಾಕ್ಟರು ಮೂಸಿ ನೋಡಿ "ಉದ್ದು ಸ್ವಲ್ಪ ಜಾಸ್ತಿ ಆಯ್ತಾ?" ಅಂದ್ರು. ಅದನ್ನ ತೊಳೆದು ತೆಗೆಯೋವಾಗ ಆದ ಉರಿ ಸುಟ್ಟಾಗಲೂ ಆಗಿರಲಿಲ್ಲ.

ರಾತ್ರಿ ಪಾಳಿ ಸಿಸ್ಟರ್

ಟೂತ್‌ಪೇಸ್ಟ್, ಇಂಕು, ಕಾಫಿಪುಡಿ, ಜೇನುತುಪ್ಪ, ದೋಸೆ ಹಿಟ್ಟು ಎಲ್ಲ ನೋಡಿದ್ದೀನಿ. ಸುಟ್ಟವರು ಬಂದಾಗ ನಮ್ಮ ಮೊದಲ ಕೆಲಸ ಅಡುಗೆಮನೆ ತೊಳೆಯೋದು. ಸುಟ್ಟ ತಕ್ಷಣ ನಲ್ಲಿ ಕೆಳಗೆ ಹಿಡೀರಿ, ಇಪ್ಪತ್ತು ನಿಮಿಷ. ಎರಡು ನಿಮಿಷಕ್ಕೆ ಎಲ್ಲರಿಗೂ ಬೇಜಾರಾಗುತ್ತೆ, ಆದ್ರೂ ಹಿಡೀರಿ. ಐಸ್ ಬೇಡ. ಬಳೆ, ಉಂಗುರ ಊತ ಬರೋ ಮುಂಚೆ ಬಿಚ್ಚಿ. ಗುಳ್ಳೆ ಒಡೀಬೇಡಿ.

ಅಡಿಕೆ ಹಾಳೆ ಟೋಪಿ

ತೀರ್ಥಹಳ್ಳಿ ಕಡೆಯವ. ನಾಟಿ ಟೈಮು, ಜಡಿಮಳೆ, ಸಂಜೆ ಮಬ್ಬು. ಗದ್ದೆ ಅಂಚಲ್ಲಿ ಬರ್ತಾ ಇದ್ದ ನನ್ನ ಚಿಕ್ಕಪ್ಪನ ಮಗ "ಅಯ್ಯೋ ಕಚ್ತು" ಅಂತ ಕೂತ್ಬಿಟ್ಟ. ಪಾದದ ಪಕ್ಕ ಎರಡು ಗುರುತು, ರಕ್ತ. ನಮ್ಮ ಅಪ್ಪಯ್ಯ ಒಂದು ಮಾತೂ ಆಡದೆ ಕೊಟ್ಟಿಗೆಗೆ ಹೋಗಿ ಕರು ಕಟ್ಟೋ ನೈಲಾನ್ ಹಗ್ಗ ತಂದು, ಮೊಣಕಾಲ ಕೆಳಗೆ ಒಂದು, ಮೇಲೆ ಒಂದು, ಮಂಡಿ ಊರಿ ಎಳೆದು ಕಟ್ಟಿದ್ರು. ಎತ್ತು ಕಟ್ಟಿದ್ರೂ ಬಿಚ್ಕೊಂಡು ಹೋಗಬಾರದು, ಹಂಗೆ.

ಜೀಪಲ್ಲಿ ಒಂದೂಕಾಲು ಗಂಟೆ. ಆಸ್ಪತ್ರೆ ಮುಟ್ಟೋ ಹೊತ್ತಿಗೆ ಕಾಲು ಕಪ್ಪಾಗಿ, ತಣ್ಣಗಾಗಿ, ಅವನು ಕಚ್ಚಿದ್ದಕ್ಕಲ್ಲ ಹಗ್ಗಕ್ಕೆ ಕೂಗ್ತಿದ್ದ. ಡಾಕ್ಟ್ರು ಸ್ವಲ್ಪ ರಕ್ತ ತೆಗೆದು ಗಾಜಿನ ಟ್ಯೂಬಲ್ಲಿ ಅಲ್ಲಾಡಿಸದೆ ಇಪ್ಪತ್ತು ನಿಮಿಷ ಇಟ್ರು. ಮಂಡಲದ ಹಾವಿನ ವಿಷ ಏರಿದ್ರೆ ಹೆಪ್ಪುಗಟ್ಟಲ್ಲ ಅಂತೆ. ಚೆನ್ನಾಗಿ ಹೆಪ್ಪುಗಟ್ತು. ಆದ್ರೂ ರಾತ್ರಿ ಇಲ್ಲೇ ಇರಲಿ ಅಂದ್ರು.

ಇತ್ತ ಮನೇಲಿ ಅವನ ತಮ್ಮ, ಯಾವ ಹಾವು ಅಂತ ಡಾಕ್ಟ್ರಿಗೆ ಹೇಳೋಣ ಅಂತ, ಬ್ಯಾಟರಿ ಹಿಡ್ಕೊಂಡು ಅದೇ ಅಂಚಿಗೆ ಹೋಗಿದ್ದಾನೆ. ಬಿಲ ಕಂಡಿದೆ. ಕಾಲಿಂದ ಮಣ್ಣು ಕೆದರಿದ್ದಾನೆ. ಅವನಿಗೂ ಕಚ್ತು. ಬ್ಯಾಟರಿ ಬಿಟ್ಟು ನೋಡ್ತಾನೆ, ಅಂಗೈ ಅಗಲದ ಏಡಿ, ಕಿರುಬೆರಳು ಹಿಡ್ಕೊಂಡು ಜೋತು ಬಿದ್ದಿದೆ.

ಏಡಿ ಕಚ್ಚಿದ ಗುರುತು ನಾಲ್ಕು ದಿನಕ್ಕೆ ಮಾಯ. ಹಗ್ಗದ ಬರೆ ದೀಪಾವಳಿ ತನಕ ಇತ್ತು. ಅಪ್ಪಯ್ಯ ಈಗಲೂ "ಹಾವೇ ಆಗಿದ್ರೆ?" ಅಂತಾರೆ.

ರಾತ್ರಿ ಪಾಳಿ ಸಿಸ್ಟರ್

ನಿಮ್ಮ ಅಪ್ಪಯ್ಯನವರಿಗೆ ಹೇಳಿ, ಹಾವೇ ಆಗಿದ್ರೂ ಕಟ್ಟಬಾರದಿತ್ತು. ಕೊಳಕುಮಂಡಲ ಕಚ್ಚಿದ ಜಾಗದಲ್ಲೇ ಮಾಂಸ ಕೊಳೆಸುತ್ತೆ, ಬಿಗಿದು ಕಟ್ಟಿದ್ರೆ ಅಷ್ಟೂ ವಿಷ ಅಲ್ಲೇ ನಿಂತು ಕಾಲಿಗೇ ಕುತ್ತು. ಬ್ಲೇಡ್ ಹಾಕಿ ಕೊಯ್ಯೋದು, ಬಾಯಿಂದ ಹೀರೋದು ಯಾವುದೂ ಬೇಡ. ಕಾಲು ಮುರಿದವರಿಗೆ ಕಟ್ಟೋ ಹಾಗೆ ಒಂದು ದಬ್ಬೆ ಇಟ್ಟು ಅಲುಗಾಡದ ಹಾಗೆ ಸಡಿಲವಾಗಿ ಸುತ್ತಿ, ನಡೆಸದೆ ಎತ್ತಿಕೊಂಡು ಬನ್ನಿ. ಹಾವು ಹುಡುಕೋಕೆ ಯಾರೂ ಹೋಗಬೇಡಿ. ನಮ್ಮಲ್ಲಿರೋ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಸೇರಿ ಒಂದೇ. ಯಾವ ಹಾವು ಅಂತ ಗೊತ್ತಿಲ್ಲದಿದ್ರೂ ಲಕ್ಷಣ ನೋಡಿ ಕೊಡ್ತಾರೆ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಏಡಿ ಕಡಿತಕ್ಕೆ ಇನ್ನೂ ಕಾಲಮ್ಮಿಲ್ಲ.

ಅಜ್ಜಿ ಮದ್ದು ಅಭಿಮಾನಿ

ಸಿಸ್ಟರ್, ಗೌರವದಿಂದಲೇ ಹೇಳ್ತೀನಿ, ಹಳೇದೆಲ್ಲ ತಪ್ಪು ಅನ್ನೋ ಹಾಗಾಯ್ತು ಈ ಚರ್ಚೆ. ಕಿವಿಗೆ ಹುಳ ಹೊಕ್ಕಾಗ ನಮ್ಮಜ್ಜಿ ಬೆಚ್ಚಗಿನ ಎಣ್ಣೆ ಬಿಡ್ತಿದ್ರು, ಹುಳ ತೇಲಿ ಬರ್ತಿತ್ತು. ಇದೇ ಚರ್ಚೇಲಿ ನೋಡಿ, ನೆತ್ತಿ ತಟ್ಟಿದ ಬೀಗಿತ್ತಿಯಿಂದ ಯಾರ ಪಂಚೆಯೂ ಬೀಳಲಿಲ್ಲ.

ರಾತ್ರಿ ಪಾಳಿ ಸಿಸ್ಟರ್

ಎರಡೂ ಒಪ್ಪಿದೆ! ನೆತ್ತಿ ತಟ್ಟೋದರಿಂದ ಉಪಯೋಗ ಇಲ್ಲ, ಆದರೆ ತಟ್ಟುತ್ತಾ ಇರೋವಷ್ಟು ಹೊತ್ತು ಬೇರೆ ಯಾರೂ ಕೈ ಹಾಕಲ್ಲ, ಅವರ ಪಾಡಿಗೆ ಅವರು ಕೆಮ್ಮಿಕೊಳ್ತಾರೆ. ಎಣ್ಣೆಯೂ ಸರಿ, ಹುಳ ಜೀವಂತ ಇದ್ದು, ಕಿವಿ ಸೋರೋ ತೊಂದರೆ ಇಲ್ಲದಿದ್ರೆ. ಮಗು ಕಡಲೆಕಾಳು ಹಾಕ್ಕೊಂಡಿದ್ರೆ ಮಾತ್ರ ನೀರು ಬಿಡಬೇಡಿ, ನೆನೆದು ಉಬ್ಬಿ ಕೂತ್ಕೊಳ್ಳುತ್ತೆ.

ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ, ಮೆಣಸಿನಪುಡಿ ತುಂಬಿಸ್ಕೊಂಡು ಬರೋರನ್ನ ನೋಡಿದ್ರೆ ಮಾತ್ರ ನನಗೆ ಕೋಪ ತಡೆಯಲ್ಲ. ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಬನ್ನಿ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ಇನ್ನೂ ಹೆದರ್ತಾರೆ. ಆ ಲಸಿಕೆ ಹೋಗಿ ಇಪ್ಪತ್ತು ವರ್ಷ ಆಯ್ತು. ಈಗ ತೋಳಿಗೆ, ಒಂದು ತಿಂಗಳಲ್ಲಿ ನಾಲ್ಕೈದು ಸಲ. ಗಾಯ ಆಳ ಇದ್ರೆ ಗಾಯಕ್ಕೂ ಬೇರೆ ಔಷಧ ಕೊಡ್ತಾರೆ.

ಗಣಿತದ ಮೇಷ್ಟ್ರು

ಆಗಸ್ಟ್ 15. ಬಿಸಿಲಲ್ಲಿ ನಿಂತಿದ್ದ ಆರನೇ ತರಗತಿ ಹುಡುಗನ ಮೂಗಿಂದ ರಕ್ತ. ನಮ್ಮ ಶಾಲೆಗೆ ಪಿ.ಟಿ. ಮೇಷ್ಟ್ರಿಲ್ಲ, ಹಾಗಾಗಿ ನಾನೇ. ತಲೆ ಹಿಂದಕ್ಕೆ ವಾಲಿಸಿ, ನೆತ್ತಿಗೆ ನೀರು ತಟ್ಟಿ, ವೇದಿಕೆ ಪಕ್ಕದ ನೆರಳಲ್ಲಿ ಕೂರಿಸಿದೆ. ಹತ್ತು ನಿಮಿಷಕ್ಕೆ ರಕ್ತ ಕಾಣಲಿಲ್ಲ. ನಾನು ಮೀಸೆ ತಿರುವಿದೆ. ನಿಂತಿರಲಿಲ್ಲ ಅದು, ಗಂಟಲಲ್ಲಿ ಇಳಿದು ಹೊಟ್ಟೆ ಸೇರ್ತಿತ್ತು, ಹುಡುಗ ನುಂಗ್ತಾ ಇದ್ದ. ಮುಖ್ಯ ಅತಿಥಿಗಳು ಭಾಷಣ ಮುಗಿಸಿ ಇಳಿದು ಬಂದು "ಏನಪ್ಪಾ ವೀರಯೋಧ" ಅಂತ ಬಗ್ಗಿ ಬೆನ್ನು ತಟ್ಟಿದರು. ಖಾದಿ ಜುಬ್ಬಾ, ಬಿಳೀದು.

ಹುಡುಗ ರಕ್ತ ಕಾರಿಕೊಂಡ ಅಂತ ಊರಲ್ಲೆಲ್ಲ ಸುದ್ದಿ. ಅವರಮ್ಮ ಹೊಲದಿಂದ ಓಡಿ ಬಂದ್ರು. ಹುಡುಗ ಅಷ್ಟೊತ್ತಿಗೆ ಎರಡನೇ ಲಡ್ಡು ತಿಂತಿದ್ದ.

ರಾತ್ರಿ ಪಾಳಿ ಸಿಸ್ಟರ್

ಮೇಷ್ಟ್ರೇ, ತಲೆ ಮುಂದಕ್ಕೆ. ಮೂಗಿನ ಮೆತ್ತಗಿನ ಭಾಗ ಎರಡು ಬೆರಳಲ್ಲಿ ಒತ್ತಿ ಹಿಡಿದು ಹತ್ತು ನಿಮಿಷ, ಬಾಯಲ್ಲಿ ಉಸಿರಾಡಬೇಕು. ನಿಂತಿದೆಯಾ ಅಂತ ಮಧ್ಯೆ ಮಧ್ಯೆ ಬಿಟ್ಟು ನೋಡೋ ಹಾಗಿಲ್ಲ.

ಬೈಪಾಸ್ ಬದಿ ಹೋಟೆಲ್

ಹೈವೇ ಪಕ್ಕ ಹೋಟೆಲ್ ನಮ್ಮದು. ಆಕ್ಸಿಡೆಂಟ್ ಆದವರಿಗೆಲ್ಲ ಓಡಿ ಹೋಗಿ ಸೋಡಾ ಕುಡಿಸ್ತಿದ್ದೆ, ಪುಣ್ಯ ಬರುತ್ತೆ ಅಂತ. ಆಂಬುಲೆನ್ಸ್ ಹುಡುಗ ಒಂದಿನ "ಅಣ್ಣ, ನಿಮ್ಮ ಸೋಡಾದಿಂದ ಆಪರೇಷನ್ ಲೇಟಾಗುತ್ತೆ, ಪ್ರಜ್ಞೆ ಇಲ್ಲದೋರಿಗೆ ಶ್ವಾಸಕೋಶಕ್ಕೇ ಹೋಗುತ್ತೆ" ಅಂದ. ಈಗ ಕೊಡಲ್ಲ. ಸಾಕ್ಷಿ ಅಂತ ಎಳೀತಾರೆ ಅನ್ನೋ ಹೆದರಿಕೆಯೂ ಇತ್ತು. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ 134ಎ ಅಂತ ಸೇರಿಸಿದ್ದಾರೆ, ಸಹಾಯ ಮಾಡಿದವರು ಹೆಸರು ಹೇಳಲೇಬೇಕು ಅಂತಿಲ್ಲ. ಅದನ್ನ ಪ್ರಿಂಟ್ ತೆಗೆಸಿ ಕ್ಯಾಷ್ ಕೌಂಟರಿಗೆ ಅಂಟಿಸಿದ್ದೀನಿ, ರೇಟ್ ಬೋರ್ಡಿನ ಕೆಳಗೆ.

ಕೆಂಗೇರಿ ಕಾಫಿ

ಸಿಸ್ಟರ್ ಎಲ್ಲರಿಗೂ ಪಾಠ ಮಾಡಿದ್ರು. ಅವರದ್ದೊಂದೂ ಇಲ್ಲವಾ?

ರಾತ್ರಿ ಪಾಳಿ ಸಿಸ್ಟರ್

ಇದೆ. ಬರೆಯೋದೋ ಬೇಡವೋ ಅಂತ ಮೊನ್ನೆಯಿಂದ ಯೋಚಿಸ್ತಿದ್ದೆ.

ನನ್ನ ಮಗನಿಗೆ ಆಗ ನಾಲ್ಕು ವರ್ಷ. "ಅಮ್ಮಾ, ತಮ್ಮ ಒಂದು ರೂಪಾಯಿ ನುಂಗಿದ" ಅಂತ ಮಗಳು ಕೂಗಿದಳು. ಕಲಿತದ್ದು, ಕಲಿಸಿದ್ದು ಎಲ್ಲ ಮರೆತು ಎರಡೂ ಕಾಲು ಹಿಡಿದು ತಲೆಕೆಳಗು ಮಾಡಿ ಕುಲುಕಿದೆ. ಠಣ್ ಅಂತ ನಾಣ್ಯ ಬಿತ್ತು, ಚಡ್ಡಿ ಜೇಬಿಂದ. ಹಿಂದೆಯೇ ಎರಡು ಗೋಲಿ, 'ಕ' ಬರೆದ ಒಂದು ಸ್ಲೇಟಿನ ಚೂರು. ನುಂಗಿರಲೇ ಇಲ್ಲ. ನಾನು ಕುಲುಕುವಾಗ ಬಾಗಿಲ ಚೌಕಟ್ಟಿಗೆ ತಲೆ ಬಡಿದು ಮೂರು ಹೊಲಿಗೆ ಬಿತ್ತು. ಅದೂ ನಮ್ಮ ಆಸ್ಪತ್ರೆಯಲ್ಲೇ, ನನ್ನ ಜೊತೆಯವರದ್ದೇ ಡ್ಯೂಟಿ. "ಹೇಗಾಯ್ತು ಅಂತ ಬರ್ಕೊಳ್ಳಲಿ ಸಿಸ್ಟರ್?" ಅಂತ ಪೆನ್ನು ಹಿಡಿದು ಕೇಳ್ತಾರೆ. ಬಿದ್ದ ಅಂತ ಬರೀರಿ ಅಂದೆ. ಮಗ ಎಲ್ಲರಿಗೂ ಕೇಳೋ ಹಾಗೆ "ಇಲ್ಲ, ಅಮ್ಮ ನನ್ನ ಉಲ್ಟಾ ಹಿಡ್ಕೊಂಡ್ರು" ಅಂದ.

ಒಗ್ಗರಣೆ ಡಬ್ಬಿ

ಪೆನ್‌ಡ್ರೈವ್ ಬಂತು. ಐನೂರು ದಂಡ. ತೆಗೆಯೋದಿರಲಿ, ಆ ಭಾಗಕ್ಕೆ ಓಲಗದ ಮ್ಯೂಸಿಕ್ ಹಾಕಿದ್ದಾನೆ.

ನಾಲ್ಕು ಸಲ ನೋಡಿದೆ, ನಿಲ್ಲಿಸಿ ನಿಲ್ಲಿಸಿ. ನಾನು ತುಪ್ಪದ ಗಿಂಡಿ ಕೆಳಗಿಡೋ ಹೊತ್ತಿಗೇ ಅವರ ಕೆಮ್ಮು ನಿಂತಿದೆ. ಉತ್ತರೀಯದಲ್ಲಿ ಕಣ್ಣು ಒರೆಸಿಕೊಂಡು ನೀರಿನ ಲೋಟಕ್ಕೆ ಕೈ ಚಾಚಿದ್ದಾರೆ. ಅಲ್ಲಿಗೆ ಹಿಂದಿನಿಂದ ನಾನು ಬರ್ತೀನಿ. ಲೋಟ ಹಾರಿ ಪಕ್ಕದವರ ಎಲೆಗೆ ಬೀಳುತ್ತೆ. ಬೀಗಿತ್ತಿಯವರ ಕೈ ಮಾತ್ರ ಇನ್ನೂ ಗಾಳಿಯಲ್ಲೇ ತಟ್ಟುತ್ತಾ ಇದೆ.

ಬರೋ ಭಾನುವಾರ ಅವರ ಮನೆಗೆ ಊಟಕ್ಕೆ ಕರೆದಿದ್ದಾರೆ. ತಂಗಿ ಫೋನ್ ಮಾಡಿದ್ದಳು. ಮಾವ ಪಂಚೆಗೆ ಹಸಿರು ಬೆಲ್ಟ್ ತಂದುಕೊಂಡಿದ್ದಾರಂತೆ, ಊಟಕ್ಕೆ ಪುಳಿಯೋಗರೆ ಬೇಡ, ಮೊಸರನ್ನ ಮಾಡು ಅಂದಿದ್ದಾರಂತೆ.